ಹೆಸರಿದ್ದರೆ ಮಾತ್ರ ಸ್ಕ್ರಿಪ್ಟಿಗೆ ಸಿಗುತ್ತದೆ: ಶಾಸನದ ಫೈಲುಗಳನ್ನು ರೂಪಾಂತರಿಸುವಾಗ ಕಲಿತ ಪಾಠಗಳು

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಊರಿನ ಚರಿತ್ರೆ ಬರೆಯುವವರಿಗೆ ಕೊರತೆಯಿಲ್ಲ. ನಿವೃತ್ತ ಮೇಷ್ಟ್ರುಗಳು, ಪಿಎಚ್.ಡಿ. ಮಾಡುತ್ತಿರುವ ಹುಡುಗರು, ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಿಂತವರು, ಯಾರೇ ಬರೆದರೂ ಶಾಸನದ ಮಾತು ಬಂದೇ ಬರುತ್ತದೆ. ತಲಕಾಡು, ಸೋಮನಾಥಪುರ, ತಡಿಮಾಲಂಗಿ ಆ ಕಡೆಗೆ; ಹೆಡತಲೆ, ಸುತ್ತೂರು, ಕಳಲೆ ಈ ಕಡೆಗೆ. ಬಿ.ಎಲ್. ರೈಸ್ ಅವರು 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಎರಡೂ ತಾಲ್ಲೂಕುಗಳ ಶಾಸನಗಳು ಒಟ್ಟಿಗೇ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು ಮೂರನೆಯ ಸಂಪುಟಕ್ಕೆ (1974), ತಿ. ನರಸೀಪುರ ಐದನೆಯ ಸಂಪುಟಕ್ಕೆ (1976) ಹಂಚಿಹೋಗಿವೆ.

ಇಂಥ ಬರಹಗಳು ನಮ್ಮ ಡಿಟಿಪಿ ಅಂಗಡಿಗಳಿಗೆ ಬರುವುದು ನುಡಿಯಲ್ಲೋ ಬರಹದಲ್ಲೋ ಟೈಪಾದ ವರ್ಡ್ ಫೈಲುಗಳಾಗಿ. ಮೊದಲೆಲ್ಲ ಪುಟ ಕಟ್ಟಿ ಅಚ್ಚಿಗೆ ಕಳಿಸಿದರೆ ಕೆಲಸ ಮುಗಿಯುತ್ತಿತ್ತು. ಈಗ ಅದೇ ಬರಹ ಅಚ್ಚಿಗೂ ಬೇಕು, ವೆಬ್‌ಸೈಟಿಗೂ ಬೇಕು, ಮೊಬೈಲಿನಲ್ಲಿ ಓದುವ ಇ-ಪುಸ್ತಕಕ್ಕೂ ಬೇಕು. ಮೂರನ್ನೂ ಕೈಯಲ್ಲಿ ಮಾಡಿದರೆ ಒಂದು ತಿದ್ದುಪಡಿಯನ್ನು ಮೂರು ಕಡೆ ತಿದ್ದಬೇಕು, ಒಂದು ಕಡೆಯಾದರೂ ಬಿಟ್ಟುಹೋಗುತ್ತದೆ. ಅದಕ್ಕೆ ನಾನು ನೆಚ್ಚಿಕೊಂಡಿರುವುದು ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶವನ್ನು. ಬರ್ಕ್ಲಿಯಲ್ಲಿ ತತ್ವಶಾಸ್ತ್ರ ಕಲಿಸುವ ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಇದನ್ನು ಶುರುಮಾಡಿದರು. ಬಂದ ಫೈಲನ್ನು ಓದಿ ಅದು ಮನಸ್ಸಿನಲ್ಲೇ ಒಂದು ಮರ ಕಟ್ಟಿಕೊಳ್ಳುತ್ತದೆ: ಶೀರ್ಷಿಕೆ, ಪ್ಯಾರಾ, ಪಟ್ಟಿ, ಅಡಿಟಿಪ್ಪಣಿ, ಪದ. ಆಮೇಲೆ ಆ ಮರವನ್ನು ಬೇಕಾದ ರೂಪದಲ್ಲಿ ಬರೆದುಕೊಡುತ್ತದೆ. ಓದುವುದಕ್ಕೂ ಬರೆಯುವುದಕ್ಕೂ ನಡುವೆ ನಾವು ಕೈಹಾಕಿ ಕೊಂಬೆಗಳನ್ನು ಬದಲಿಸಬಹುದು. ಹಾಗೆ ಬದಲಿಸುವ ಸ್ಕ್ರಿಪ್ಟಿಗೆ ಫಿಲ್ಟರ್ ಎನ್ನುತ್ತಾರೆ. 2017ರ ಎರಡನೆಯ ಆವೃತ್ತಿಯಿಂದ ಲುವಾ ಭಾಷೆ ಪ್ಯಾಂಡಾಕಿನ ಒಳಗೇ ಇರುವುದರಿಂದ ಫಿಲ್ಟರ್ ಬರೆಯಲು ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ.

ಈ ಕೆಲಸದಲ್ಲಿ ಕಲಿತದ್ದನ್ನು ಕೆಳಗೆ ಬರೆದಿದ್ದೇನೆ. ಕೋಡ್ ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ, ಕನ್ನಡದ ಫೈಲು ಕೈಗೆ ಬಂದಾಗ ಏನಾಗುತ್ತದೆ ಎಂಬುದು ಅವುಗಳಲ್ಲಿ ಇಲ್ಲ.

1. ಮೊದಲು ಮರ ನೋಡಿ, ಆಮೇಲೆ ಕೋಡ್ ಬರೆಯಿರಿ

ಪರದೆಯ ಮೇಲೆ ಕಾಣುವುದನ್ನು ನಂಬಿ ಫಿಲ್ಟರ್ ಬರೆಯಬಾರದು. ದಪ್ಪಕ್ಷರದಲ್ಲಿ, ನಡುವಿನಲ್ಲಿ, ದೊಡ್ಡದಾಗಿ ಇರುವ ಸಾಲು ನಮ್ಮ ಕಣ್ಣಿಗೆ ಶೀರ್ಷಿಕೆ. ಪ್ಯಾಂಡಾಕಿಗೆ ಅದು ಬೋಲ್ಡ್ ಆದ ಬರೀ ಪ್ಯಾರಾ. ಎರಡು ಕಾಲಂ ಕೋಷ್ಟಕದಂತೆ ಕಾಣುವುದು ಟ್ಯಾಬ್ ಒತ್ತಿ ಜೋಡಿಸಿದ ಸಾಲುಗಳಾಗಿರಬಹುದು. ಆದ್ದರಿಂದ ಹತ್ತು ಪುಟದ ಒಂದು ತುಣುಕು ತೆಗೆದುಕೊಂಡು, ಪ್ಯಾಂಡಾಕಿಗೆ ಅದರ 'ನೇಟಿವ್' ರೂಪದಲ್ಲೇ ಮರವನ್ನು ಮುದ್ರಿಸಲು ಹೇಳಿ ನಿಧಾನವಾಗಿ ಓದಬೇಕು. ಯಾವುದು ಶೀರ್ಷಿಕೆಯಾಗಿ ಬಂದಿದೆ, ಯಾವುದು ಬಂದಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಫೈಲಿನ ಜಾತಿಯನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಬೇಕು. ಪ್ಯಾಂಡಾಕ್ ಹೊಸ ವರ್ಡ್‌ನ ಡಾಕ್ಸ್ ಫೈಲನ್ನು ಓದುತ್ತದೆ, ಹಳೆಯ ಡಾಕ್ ಫೈಲನ್ನಾಗಲಿ ಪಿಡಿಎಫ್ ಅನ್ನಾಗಲಿ ಓದುವುದಿಲ್ಲ. ಹಳೆಯ ಡಾಕ್ ಫೈಲನ್ನು ಲಿಬ್ರೆ ಆಫೀಸಿನಲ್ಲಿ ತೆರೆದು ಡಾಕ್ಸ್ ಮಾಡಿಕೊಳ್ಳಿ. ಪೇಜ್‌ಮೇಕರ್‌ನಲ್ಲಿ ಉಳಿದಿರುವ ಪುಸ್ತಕವಾದರೆ ಪಠ್ಯವನ್ನು ಆರ್‌ಟಿಎಫ್ ಆಗಿ ಹೊರತೆಗೆಯಿರಿ.

2. ನುಡಿ ಫಾಂಟಿನ ಪಠ್ಯವನ್ನು ಫಿಲ್ಟರಿನವರೆಗೆ ಬಿಡಬೇಡಿ

ಹೊಸಬರು ಎಡವುವುದು ಇಲ್ಲೇ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಕೇತ. ಫಾಂಟು ಅವುಗಳ ಮೇಲೆ ಕನ್ನಡದ ಚಿತ್ರ ತೋರಿಸುತ್ತದೆ, ಅಷ್ಟೆ. ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ಆದರೆ ಪ್ಯಾಂಡಾಕ್ ವರ್ಡ್ ಫೈಲನ್ನು ಓದುವಾಗ ಫಾಂಟಿನ ಹೆಸರನ್ನು ಕೈಬಿಡುತ್ತದೆ. ರೈಸ್ ಸಂಪುಟದ ಇಂಗ್ಲಿಷ್ ಉಲ್ಲೇಖವೂ ನುಡಿಯ ಕನ್ನಡವೂ ಮರದಲ್ಲಿ ಒಂದೇ ಥರ ಕಾಣುತ್ತವೆ. ಅಲ್ಲಿ ಪರಿವರ್ತಿಸಿದರೆ ಇಂಗ್ಲಿಷೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತದೆ.

ಆದ್ದರಿಂದ ಯೂನಿಕೋಡ್ ಪರಿವರ್ತನೆ ಪ್ಯಾಂಡಾಕಿಗೂ ಮೊದಲೇ, ಫಾಂಟಿನ ಹೆಸರು ಇನ್ನೂ ಇರುವಾಗಲೇ ಆಗಬೇಕು. ಪೈಥಾನಿನಲ್ಲಿ ವರ್ಡ್ ಫೈಲನ್ನು ತೆರೆದು, ಒಂದೊಂದು 'ರನ್' ಅನ್ನೂ, ಎಂದರೆ ಒಂದೇ ಫಾರ್ಮ್ಯಾಟಿಂಗಿನ ತುಣುಕನ್ನು, ಫಾಂಟು ನೋಡಿ ಪರಿವರ್ತಿಸುವುದು ಸರಿಯಾದ ದಾರಿ. ಎರಡು ವಿಷಯ ಗಮನದಲ್ಲಿರಲಿ. ಒಂದು, ರನ್ನಿನ ಮೇಲೆ ಫಾಂಟಿನ ಹೆಸರೇ ಇಲ್ಲದಿರಬಹುದು. ಆಗ ಪ್ಯಾರಾ ಸ್ಟೈಲನ್ನೂ, ಅಲ್ಲೂ ಇಲ್ಲದಿದ್ದರೆ ಇಡೀ ಫೈಲಿನ ಡೀಫಾಲ್ಟನ್ನೂ ನೋಡಬೇಕು. ಇನ್ನೊಂದು, ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. 'ಕರ್ನಾಟಕ'ದ ಅರ್ಕಾವತ್ತು 'ನಾ' ಆದಮೇಲೆ ಸಿಗುತ್ತದೆ, ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ವರ್ಡ್ ತನ್ನ ಲೆಕ್ಕಕ್ಕಾಗಿ ರನ್ನುಗಳನ್ನು ಎಲ್ಲೆಂದರಲ್ಲಿ ತುಂಡರಿಸಿರುವುದರಿಂದ 'ನಾ' ಒಂದು ತುಣುಕಿನಲ್ಲಿ, ಅರ್ಕಾವತ್ತು ಮುಂದಿನ ತುಣುಕಿನಲ್ಲಿ ಇರಬಹುದು. ಒಂದೇ ಫಾರ್ಮ್ಯಾಟಿಂಗಿನ ತುಣುಕುಗಳನ್ನು ಮೊದಲು ಕೂಡಿಸಿ, ಆಮೇಲೆ ಪರಿವರ್ತಿಸಿ.

3. ಯಾಕೆ ಬೋಲ್ಡ್ ಎಂದು ಕೇಳಿ, ಉತ್ತರಕ್ಕೆ ಹೆಸರಿಡಿ

ಒಂದೇ ಪುಸ್ತಕದಲ್ಲಿ ಬೋಲ್ಡ್ ಐದು ಕಾರಣಕ್ಕೆ ಬಂದಿರುತ್ತದೆ: ಶಾಸನದ ಸಂಖ್ಯೆ, ಊರಿನ ಹೆಸರು, ಶಾಸನಪಾಠ, ರಾಜನ ಹೆಸರು, ಸುಮ್ಮನೆ ಒತ್ತಿಹೇಳಲು. ಈ ಐದನ್ನು ಬಿಡಿಸುವುದು ಸ್ಕ್ರಿಪ್ಟಿನ ಕೈಲಾಗುವ ಕೆಲಸವಲ್ಲ. ಬರೆದವರ ಜೊತೆ ಕೂತು ಕೇಳಬೇಕು. "ಸಾರ್, ಇದು ಯಾಕೆ ದಪ್ಪ?" ಎಂದರೆ ಅವರು ತಟ್ಟನೆ ಹೇಳುತ್ತಾರೆ. ಉತ್ತರ ಸಿಕ್ಕೊಡನೆ ವರ್ಡ್‌ನಲ್ಲೇ ಅದಕ್ಕೊಂದು ಸ್ಟೈಲ್ ಮಾಡಿ: 'ಶಾಸನಸಂಖ್ಯೆ', 'ಊರು', 'ಶಾಸನಪಾಠ'. ಸ್ಟೈಲಿನ ಹೆಸರು ಕನ್ನಡದಲ್ಲೇ ಇರಲಿ, ಏನೂ ತೊಂದರೆಯಿಲ್ಲ.

ಪ್ಯಾಂಡಾಕಿನ ಡಾಕ್ಸ್ ಓದುವಿಕೆಗೆ 'ಸ್ಟೈಲ್ಸ್' ಎಂಬ ವಿಸ್ತರಣೆಯನ್ನು ಸೇರಿಸಿದರೆ ಈ ಹೆಸರುಗಳು ಮರದಲ್ಲಿ ಉಳಿಯುತ್ತವೆ. ಪ್ಯಾರಾದ ಸ್ಟೈಲು 'ಡಿವ್' ಎಂಬ ಹೊದಿಕೆಯಾಗಿ, ಪದದ ಸ್ಟೈಲು 'ಸ್ಪ್ಯಾನ್' ಎಂಬ ಹೊದಿಕೆಯಾಗಿ ಬರುತ್ತದೆ. ಅಲ್ಲಿಂದ ಮುಂದೆ ಫಿಲ್ಟರ್ ಬರೆಯುವುದು ಸಲೀಸು: 'ಶಾಸನಪಾಠ' ಎಂಬ ಹೊದಿಕೆ ಸಿಕ್ಕರೆ ವೆಬ್ಬಿಗೆ ಹೀಗೆ, ಅಚ್ಚಿಗೆ ಹಾಗೆ. ನನ್ನ ಅರ್ಧಕ್ಕರ್ಧ ಸಮಯ ಹೋಗುವುದು ಈ ಹೆಸರಿಡುವ ಕೆಲಸಕ್ಕೆ. ಇಲ್ಲಿ ಉಳಿಸಿದ ಒಂದು ಗಂಟೆ ಮುಂದೆ ಒಂದು ದಿನವನ್ನು ನುಂಗುತ್ತದೆ.

4. ಸಂಖ್ಯೆಯನ್ನು ಪಟ್ಟಿಯಾಗಲು ಬಿಡಬೇಡಿ

ಶಾಸನದ ಸಂಖ್ಯೆ ಒಂದು ವಿಳಾಸ. ರೈಸ್ ಅವರ ಸಂಪುಟದಲ್ಲಿ 'ಟಿ.ಎನ್.', 'ಎನ್.ಜೆ.' ಎಂದು ತಾಲ್ಲೂಕಿನ ಗುರುತಿನ ಮುಂದೆ ಬರುವ ಅಂಕಿಯನ್ನು ನೂರಾರು ಪ್ರಬಂಧಗಳು ಉಲ್ಲೇಖಿಸಿವೆ. ಪರಿಷ್ಕೃತ ಆವೃತ್ತಿಯಲ್ಲಿ ಅಂಕಿಗಳು ಬದಲಾಗಿವೆ, ಹಾಗಾಗಿ ಒಂದು ಕಲ್ಲಿಗೆ ಎರಡು ವಿಳಾಸ.

ವರ್ಡ್‌ನ ತಾನೇ ಎಣಿಸುವ ಪಟ್ಟಿಯಲ್ಲಿ ಈ ಸಂಖ್ಯೆಗಳನ್ನು ಹಾಕಿದ್ದರೆ ಪಠ್ಯದಲ್ಲಿ ಅಂಕಿಯೇ ಇರುವುದಿಲ್ಲ. ನಡುವಿನ ಒಂದು ಅಂಶ ಅಳಿಸಿದರೆ ಕೆಳಗಿನದೆಲ್ಲ ಮೇಲಕ್ಕೆ ಜರುಗುತ್ತದೆ. ಸಾದಾ ಪಠ್ಯದಲ್ಲೇ ಗುರುತುಗಳನ್ನು ಹಾಕಿ ಬರೆಯುವ ಮಾರ್ಕ್‌ಡೌನಿನಲ್ಲಿ ಕೈಯಾರೆ ಟೈಪು ಮಾಡುವಾಗಲೂ ಇದೇ ಅಪಾಯ: ಸಾಲಿನ ಮೊದಲಲ್ಲಿ '110.' ಎಂದು, ಮುಂದಿನ ಅಂಶಕ್ಕೆ '115.' ಎಂದು ಬರೆದರೆ ಪ್ಯಾಂಡಾಕ್ ಅವನ್ನು ಪಟ್ಟಿಯೆಂದೇ ತಿಳಿದು ಎರಡನೆಯದನ್ನು 111 ಎಂದು ಮುದ್ರಿಸುತ್ತದೆ. ಕನ್ನಡ ಅಂಕಿಯಲ್ಲಿ '೧೧೦.' ಎಂದು ಬರೆದರೆ ಪಟ್ಟಿಯಾಗದೆ ಹಾಗೇ ಉಳಿಯುತ್ತದೆ, ಆದರೆ ಅದನ್ನು ನೆಚ್ಚಿಕೊಳ್ಳುವುದಕ್ಕಿಂತ ಸಂಖ್ಯೆಗೆ ಸ್ಟೈಲು ಕೊಡುವುದೇ ಸುರಕ್ಷಿತ. ಫಿಲ್ಟರ್ ಆ ಸ್ಟೈಲಿನ ಸಂಖ್ಯೆಯಿಂದಲೇ ಪ್ರತಿ ಶಾಸನಕ್ಕೂ ಒಂದು ಗುರುತು ಕಟ್ಟಲಿ, ಅಡ್ಡಉಲ್ಲೇಖದ ಕೊಂಡಿಗಳು ಅದಕ್ಕೇ ಬಂದು ಸೇರಲಿ.

5. ಕಲ್ಲಿನ ಸಾಲು ಬೇರೆ, ಪುಟದ ಸಾಲು ಬೇರೆ

ಗದ್ಯದಲ್ಲಿ ಸಾಲು ಎಲ್ಲಿ ಮುರಿದರೂ ನಡೆಯುತ್ತದೆ. ಶಾಸನಪಾಠದಲ್ಲಿ ಸಾಲು ಮುರಿದ ಜಾಗವೇ ಸಾಕ್ಷ್ಯ: ಕಲ್ಲಿನ ಆರನೆಯ ಸಾಲು ಇಲ್ಲಿಗೆ ಮುಗಿಯಿತು ಎಂದು ಅದು ಹೇಳುತ್ತದೆ. ಕಲ್ಲು ಕಡೆದವನು ಪದ ಮುಗಿಯುವವರೆಗೆ ಕಾಯುವುದಿಲ್ಲ, ಜಾಗ ಮುಗಿದಲ್ಲಿ ಪದವನ್ನು ಮುರಿದು ಮುಂದಿನ ಸಾಲಿಗೆ ಹೋಗುತ್ತಾನೆ.

ಟೈಪು ಮಾಡುವವರು ಇಲ್ಲಿ ಮೂರು ಬಗೆ ಮಾಡಿರುತ್ತಾರೆ: ಎಂಟರ್ ಒತ್ತಿರುತ್ತಾರೆ, ಶಿಫ್ಟ್-ಎಂಟರ್ ಒತ್ತಿರುತ್ತಾರೆ, ಇಲ್ಲವೇ ಸ್ಪೇಸ್‌ಬಾರ್ ಒತ್ತುತ್ತಾ ಹೋಗಿ ಸಾಲು ತಾನೇ ಕೆಳಗಿಳಿಯುವಂತೆ ಮಾಡಿರುತ್ತಾರೆ. ಮೊದಲನೆಯದು ಮರದಲ್ಲಿ ಬೇರೆ ಬೇರೆ ಪ್ಯಾರಾ, ಎರಡನೆಯದು 'ಲೈನ್‌ಬ್ರೇಕ್', ಮೂರನೆಯದರಲ್ಲಿ ಸಾಲು ಮುರಿದ ಕುರುಹೇ ಉಳಿಯುವುದಿಲ್ಲ. ಮೂರನೆಯದನ್ನು ಕೈಯಲ್ಲೇ ತಿದ್ದಬೇಕು. ಉಳಿದೆರಡನ್ನು ಫಿಲ್ಟರ್ ಒಂದೇ ರೂಪಕ್ಕೆ ತರಬಹುದು: ಪ್ರತಿ ಮುರಿತದಲ್ಲೂ ಒಂದು ಸಾಲುಗುರುತು ಇಟ್ಟು, ಶಾಸನ ಶುರುವಾದಾಗ ಎಣಿಕೆಯನ್ನು ಒಂದಕ್ಕೆ ತಂದು, ಕ್ರಮವಾಗಿ ಸಂಖ್ಯೆ ಕೊಡುತ್ತಾ ಹೋಗುವುದು. ಪದ ಮುರಿದಿದ್ದರೆ ಗುರುತಿನ ಸುತ್ತ ಖಾಲಿ ಜಾಗ ಬರಬಾರದು, ಇಲ್ಲದಿದ್ದರೆ ಹುಡುಕುವವನಿಗೆ ಆ ಪದ ಸಿಗುವುದಿಲ್ಲ.

ಇದು ನಮ್ಮೊಬ್ಬರದೇ ತಲೆನೋವಲ್ಲ. ಗ್ರೀಕ್, ಲ್ಯಾಟಿನ್ ಶಾಸನಗಳ ವಿದ್ವಾಂಸರು ಕಟ್ಟಿದ ಎಪಿಡಾಕ್ ಎಂಬ ಪದ್ಧತಿಯಲ್ಲಿ 'ಇಲ್ಲಿ ಸಾಲು ಮುರಿದಿದೆ, ಪದ ಮುಗಿದಿಲ್ಲ' ಎಂದು ಹೇಳಲೆಂದೇ ಒಂದು ಗುರುತಿದೆ. ನಿಮ್ಮ ಫಿಲ್ಟರಿನಲ್ಲೂ ಪದದ ನಡುವಿನ ಮುರಿತ, ಪದ ಮುಗಿದಲ್ಲಿನ ಮುರಿತ ಎರಡನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡರೆ ಮುಂದೆ ಆ ರೂಪಕ್ಕೆ ಹೋಗುವ ದಾರಿ ತೆರೆದಿರುತ್ತದೆ.

6. ಆವರಣಗಳನ್ನು ಮಾರ್ಕ್‌ಡೌನಿನ ಬಾಯಿಗೆ ಕೊಡಬೇಡಿ

ಶಾಸನಪಾಠದಲ್ಲಿ ಚೌಕ ಆವರಣ, ದುಂಡು ಆವರಣ, ಚುಕ್ಕಿಗಳ ಸಾಲು ಎಲ್ಲಕ್ಕೂ ಅರ್ಥವಿದೆ: ಸವೆದ ಅಕ್ಷರ, ಸಂಪಾದಕರ ತಿದ್ದುಪಡಿ, ಹೋಗಿಯೇ ಹೋದ ಭಾಗ. ಚೌಕ ಆವರಣದ ಬೆನ್ನಿಗೇ ದುಂಡು ಆವರಣ ಬಂದರೆ ಮಾರ್ಕ್‌ಡೌನ್ ಅದನ್ನು ವೆಬ್ ಕೊಂಡಿ ಎಂದುಕೊಂಡು ಎರಡನೆಯದನ್ನು ಮಾಯಮಾಡುತ್ತದೆ. '[ದೇ](ವ)' ಎಂದಿದ್ದಲ್ಲಿ ಓದುಗನಿಗೆ 'ದೇ' ಮಾತ್ರ ಕಾಣುತ್ತದೆ. ವರ್ಡ್‌ನಿಂದ ನೇರ ಬಂದರೆ ಪ್ಯಾಂಡಾಕ್ ಇದನ್ನು ತಾನೇ ಕಾಯುತ್ತದೆ. ನಡುವೆ ಮಾರ್ಕ್‌ಡೌನ್ ಫೈಲನ್ನು ಕೈಯಿಂದ ತಿದ್ದುವ ರೂಢಿಯಿದ್ದರೆ ಶಾಸನಪಾಠದ ಭಾಗವನ್ನು ಮುಟ್ಟದೆ ಬಿಡಿ.

7. ಲುವಾ ಕಣ್ಣಿಗೆ ಒಂದು ಅಕ್ಷರ ಮೂರು ಬೈಟ್

'ಸುತ್ತೂರು' ನಮಗೆ ಮೂರು ಅಕ್ಷರ. ಯೂನಿಕೋಡಿಗೆ ಎಂಟು ಸಂಕೇತ. ಲುವಾದ ಮಾಮೂಲಿ ಉದ್ದದ ಲೆಕ್ಕಕ್ಕೆ ಇಪ್ಪತ್ತನಾಲ್ಕು. ಲುವಾ ಬೈಟುಗಳನ್ನು ಎಣಿಸುತ್ತದೆ, ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟು. ಹಾಗಾಗಿ 'ಯಾವುದಾದರೂ ಒಂದು ಅಕ್ಷರ' ಎನ್ನುವ ಚುಕ್ಕಿ, 'ಇವುಗಳಲ್ಲಿ ಒಂದು' ಎನ್ನುವ ಚೌಕ ಆವರಣ, ಇವೆರಡೂ ಲುವಾ ಮಾದರಿಗಳಲ್ಲಿ ಕನ್ನಡದ ಅಕ್ಷರವನ್ನು ಮಧ್ಯದಲ್ಲಿ ಸೀಳುತ್ತವೆ. ಕನ್ನಡದ ಸಂಕೇತಗಳೆಲ್ಲ ಒಂದೇ ಬೈಟಿನಿಂದ ಶುರುವಾಗುವುದರಿಂದ ಹೊಂದದ್ದೂ ಹೊಂದಿತೆಂದು ತೋರುತ್ತದೆ.

ಇಡೀ ಪದಕ್ಕೆ ಪದ ಬದಲಿಸುವುದು ಸುರಕ್ಷಿತ. ಅಕ್ಷರಗಳನ್ನು ಎಣಿಸಲು, ಕತ್ತರಿಸಲು ಲುವಾದ ಯುಟಿಎಫ್-8 ಲೈಬ್ರರಿಯನ್ನೋ ಪ್ಯಾಂಡಾಕಿನ ಪಠ್ಯ ಲೈಬ್ರರಿಯನ್ನೋ ಬಳಸಿ. ಅವೂ ಎಣಿಸುವುದು ಸಂಕೇತಗಳನ್ನು. ಒತ್ತಕ್ಷರ ಬಿಡಿಯಾಗದಂತೆ ನೋಡಿಕೊಳ್ಳುವುದು ನಿಮ್ಮದೇ ಕೆಲಸ. ಅಧ್ಯಾಯದ ಮೊದಲಕ್ಷರವನ್ನು ದೊಡ್ಡದಾಗಿಸುವ ಫಿಲ್ಟರ್ ಬರೆದರೆ 'ಶ್ರೀ' ಇಡಿಯಾಗಿ ದೊಡ್ಡದಾಗಬೇಕು, 'ಶ' ಮಾತ್ರ ಅಲ್ಲ.

8. ಕಾಣದ ಅಕ್ಷರಗಳನ್ನು ಕಸವೆಂದು ಗುಡಿಸಬೇಡಿ

ಫೈಲು ಶುಚಿ ಮಾಡುವ ಎಷ್ಟೋ ಸಿದ್ಧ ಸ್ಕ್ರಿಪ್ಟುಗಳು ಅಗಲವಿಲ್ಲದ ಅಕ್ಷರಗಳನ್ನೆಲ್ಲ ಅಳಿಸುತ್ತವೆ. ಕನ್ನಡದಲ್ಲಿ ಅವು ಕೆಲಸ ಮಾಡುತ್ತಿರುತ್ತವೆ. 'ರಾಜ್‌ಕುಮಾರ್' ಎಂಬಲ್ಲಿ ಕಾಣದ ಬೇರ್ಪಡಿಸುವ ಅಕ್ಷರ ಹೋದರೆ 'ರಾಜ್ಕುಮಾರ್' ಆಗುತ್ತದೆ. 'ರ‍್ಯಾಂಕ್' ಎಂಬಲ್ಲಿ ಕೂಡಿಸುವ ಅಕ್ಷರ ಹೋದರೆ ಅರ್ಕಾವತ್ತು ಬಂದು ಕೂರುತ್ತದೆ. ಬಿಡಬೇಕಾದ ಕಡೆ ಬಿಡಿ, ಪದದ ಕೊನೆಯಲ್ಲೋ ಎರಡೆರಡು ಸಲವೋ ಬಂದದ್ದನ್ನು ಮಾತ್ರ ತೆಗೆಯಿರಿ.

ಇನ್ನೊಂದು ತೊಡಕು ಸ್ವರಚಿಹ್ನೆಗಳದು. 'ೊ' ಒಂದೇ ಸಂಕೇತವಾಗಿಯೂ ಇರಬಹುದು, 'ೆ' ಮತ್ತು 'ೂ' ಎಂಬ ಎರಡು ಸಂಕೇತಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಯೂನಿಕೋಡ್ ಪರಿವರ್ತನೆ ಮುಗಿದ ಕೂಡಲೇ ಪೈಥಾನಿನಲ್ಲಿ, ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಬಿಟ್ಟರೆ ಮುಂದಿನ ಎಲ್ಲ ಫಿಲ್ಟರುಗಳೂ ನೆಮ್ಮದಿಯಾಗಿರುತ್ತವೆ.

ಹಳಗನ್ನಡದ 'ಱ', 'ೞ' ಅಕ್ಷರಗಳನ್ನು ಪಠ್ಯದಲ್ಲಿ 'ರ', 'ಳ' ಮಾಡಬೇಡಿ. ಹುಡುಕಾಟದ ಸೂಚಿಗೆ ಬೇಕಾದರೆ ಅಲ್ಲಿ ಮಾತ್ರ ಬದಲಿಸಿ. ಯೂನಿಕೋಡ್ ಪಟ್ಟಿಯಲ್ಲಿ 'ೞ'ದ ಅಧಿಕೃತ ಹೆಸರು ತಪ್ಪಾಗಿ 'ಎಫ್‌ಎ' ಎಂದು ದಾಖಲಾಗಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವಾದ್ದರಿಂದ ಹಾಗೇ ಉಳಿದಿದೆ. ಅಕ್ಷರವನ್ನು ಹೆಸರಿನಿಂದ ಹುಡುಕುವ ಸ್ಕ್ರಿಪ್ಟಿಗೆ ಇದು ಗೊತ್ತಿರಬೇಕು.

9. 'ಟಿ.' ಮತ್ತು 'ನರಸೀಪುರ' ಮರದಲ್ಲಿ ಅಕ್ಕಪಕ್ಕದ ಮನೆಗಳು

ಪ್ಯಾಂಡಾಕ್ ವಾಕ್ಯವನ್ನು ಖಾಲಿ ಜಾಗ ಬಂದಲ್ಲೆಲ್ಲ ಒಡೆಯುತ್ತದೆ. 'ಟಿ. ನರಸೀಪುರ' ಎಂಬುದು ಮರದಲ್ಲಿ ಒಂದು ಪದ, ಒಂದು ಖಾಲಿ, ಇನ್ನೊಂದು ಪದ. ಒಂದೊಂದೇ ಪದವನ್ನು ನೋಡುವ ಫಿಲ್ಟರಿಗೆ ಈ ಹೆಸರು ಇಡಿಯಾಗಿ ಎಂದೂ ಕಾಣುವುದಿಲ್ಲ. 'ಇನ್‌ಲೈನ್ಸ್' ಎಂಬ ಹೆಸರಿನಲ್ಲಿ ಫಂಕ್ಷನ್ ಬರೆದರೆ ಇಡೀ ಸಾಲು ಪಟ್ಟಿಯಾಗಿ ಕೈಗೆ ಬರುತ್ತದೆ.

ಮೊದಲ ಸಲ ಫಿಲ್ಟರ್ ಬರೆಯುವವರಿಗೆ ನಾನು ಕೊಡುವ ಅಭ್ಯಾಸ ಇದೇ: ಪಟ್ಟಿಯಲ್ಲಿ 'ಟಿ.', 'ತಿ.', 'ಡಾ.', 'ಪ್ರೊ.' ಕಂಡು ಅದರ ಮುಂದೆ ಖಾಲಿಯಿದ್ದರೆ ಅದನ್ನು ಮುರಿಯದ ಖಾಲಿಯಾಗಿ ಬದಲಿಸಿ. ಸಾಲಿನ ಕೊನೆಯಲ್ಲಿ 'ಟಿ.' ಒಂದೇ ಉಳಿದು 'ನರಸೀಪುರ' ಕೆಳಗಿನ ಸಾಲಿಗೆ ಹೋಗುವುದು ಅಲ್ಲಿಗೆ ನಿಲ್ಲುತ್ತದೆ. ಮೂಲ ಫೈಲು ಮಾರ್ಕ್‌ಡೌನ್ ಆಗಿದ್ದರೆ ಫಿಲ್ಟರೂ ಬೇಡ, ಸಂಕ್ಷೇಪಗಳ ಪಟ್ಟಿಯನ್ನು ಕೊಡುವ ಸೌಲಭ್ಯ ಪ್ಯಾಂಡಾಕಿನಲ್ಲೇ ಇದೆ.

10. ಸ್ಕ್ರಿಪ್ಟು ತಾನೇ ಗುರುತಿಸಬಲ್ಲದ್ದು ಯಾವುದು, ಗುರುತಿಸಲಾರದ್ದು ಯಾವುದು

ತಲಕಾಡಿನ ಸುತ್ತ ಚೋಳರ, ಹೊಯ್ಸಳರ ಕಾಲದ ತಮಿಳು ಶಾಸನಗಳೂ ಇವೆ. ಅವುಗಳ ಪಾಠವನ್ನು ತಮಿಳು ಲಿಪಿಯಲ್ಲಿ ಕೊಟ್ಟಿದ್ದರೆ ಸ್ಕ್ರಿಪ್ಟು ತಾನೇ ಕಂಡುಹಿಡಿಯಬಲ್ಲದು, ತಮಿಳಿನ ಸಂಕೇತಗಳ ವಲಯವೇ ಬೇರೆ. ಆ ಭಾಗಕ್ಕೆ ತಮಿಳು ಎಂಬ ಭಾಷಾಗುರುತು ಹಚ್ಚಿ. ಇಲ್ಲದಿದ್ದರೆ ಕನ್ನಡದ ಫಾಂಟಿನಲ್ಲಿ ತಮಿಳು ಅಕ್ಷರವಿಲ್ಲದೆ ಪಿಡಿಎಫ್‌ನಲ್ಲಿ ಖಾಲಿ ಚೌಕಗಳು ಬೀಳುತ್ತವೆ.

ಊರಿನ ಹೆಸರು ಹಾಗಲ್ಲ. ಊರುಗಳ ಪಟ್ಟಿ ಕೊಟ್ಟು ಹುಡುಕಿಸಿದರೆ ಮೊದಲ ತೊಡಕು ವಿಭಕ್ತಿ: 'ಸುತ್ತೂರು' ಎಂದು ಹುಡುಕಿದರೆ 'ಸುತ್ತೂರಿನ', 'ಸುತ್ತೂರಿಗೆ' ಸಿಗುವುದಿಲ್ಲ. ಕೊನೆಯ ಸ್ವರ ಕಿತ್ತು 'ಸುತ್ತೂರ' ಎಂದು ಹುಡುಕಿದರೆ ಸಿಗುತ್ತವೆ. ಹೀಗೆಯೇ 'ದೇವನೂರ' ಎಂದು ಹುಡುಕಿಸಿ, ನಂಜನಗೂಡು ತಾಲ್ಲೂಕಿನ ಆ ಊರಿನ ಜೊತೆಗೆ ದೇವನೂರ ಮಹಾದೇವ ಅವರೂ ಸ್ಥಳಸೂಚಿಗೆ ಬಂದು ಕೂರುತ್ತಾರೆ. ಊರಿನ ಹೆಸರಿಗೂ ಲೇಖಕರ ಹೆಸರಿಗೂ ಇರುವ ವ್ಯತ್ಯಾಸ ಅಕ್ಷರದಲ್ಲಿಲ್ಲ. ಇಂಥ ಕಡೆ ಸ್ಕ್ರಿಪ್ಟು ಪಟ್ಟಿ ಮಾಡಿ ತೋರಿಸಲಿ, ಹೌದು ಅಲ್ಲ ಎಂದು ಓದಿದವರು ಹೇಳಲಿ, ಆಮೇಲೆ 'ಊರು' ಸ್ಟೈಲು ಹಚ್ಚಿ.

11. ಪಂಡಿತರ ಕೆಲಸವನ್ನು ಫಿಲ್ಟರಿಗೆ ವಹಿಸಬೇಡಿ

ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಬರೆಯುವ ಫಿಲ್ಟರ್ ಎರಡೇ ಸಾಲಿನ ಕೋಡು. ಆದರೆ ವರ್ಷದ ಕೊನೆಯ ತಿಂಗಳುಗಳಲ್ಲಿ ಕೂಡಿಸಬೇಕಾದ್ದು 79. ಶಾಸನ ಹೇಳುವುದು ಕಳೆದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬ ಪ್ರಶ್ನೆಯಿದೆ. ಸಂವತ್ಸರದ ಹೆಸರಿಗೂ ಅಂಕಿಗೂ ತಾಳೆಯಾಗದ ಶಾಸನಗಳೂ ಇವೆ. ಫಿಲ್ಟರ್ ಇಂಥ ಕಡೆ ಪಠ್ಯವನ್ನು ಬದಲಿಸದೆ, ಅನುಮಾನದ ಜಾಗಗಳನ್ನು ಬೇರೆ ಪಟ್ಟಿಯಾಗಿ ಕೊಟ್ಟರೆ ಸಾಕು. ಸೋಮನಾಥಪುರದ ದೇವಾಲಯಕ್ಕೆ 1268 ಎಂದು ಬರೆಯುವುದು ಸಂಪಾದಕರ ನಿರ್ಣಯವಾಗಿರಬೇಕು, ನಿಮ್ಮ ಕೂಡಿಕೆಯ ಫಲವಾಗಿರಬಾರದು.

12. ಒಂದು ಫಿಲ್ಟರಿಗೆ ಒಂದೇ ಕೆಲಸ, ಪ್ರತಿ ಕೆಲಸಕ್ಕೂ ಪರೀಕ್ಷೆ

ಎಲ್ಲವನ್ನೂ ಒಂದೇ ಸ್ಕ್ರಿಪ್ಟಿಗೆ ತುಂಬಬೇಡಿ. ಸಾಲುಗುರುತಿಗೆ ಒಂದು, ಸಂಖ್ಯೆಗೆ ಒಂದು, ಭಾಷೆಗೆ ಒಂದು. ಪ್ಯಾಂಡಾಕ್ ಕೊಟ್ಟ ಕ್ರಮದಲ್ಲೇ ಓಡಿಸುತ್ತದೆ, ಆ ಕ್ರಮವನ್ನು ಬರೆದಿಡಿ. ಇಲ್ಲಿಯವರೆಗೆ ಹೇಳಿದ ತೊಡಕುಗಳೆಲ್ಲ ಇರುವ ಎರಡು ಪುಟದ ಪರೀಕ್ಷಾ ಫೈಲನ್ನು ಇಟ್ಟುಕೊಂಡು, ಫಿಲ್ಟರ್ ಮುಟ್ಟಿದಾಗೆಲ್ಲ ಓಡಿಸಿ. ಕೊನೆಗೆ ಫಿಲ್ಟರ್ ಇಲ್ಲದೆ ಒಮ್ಮೆ, ಇದ್ದು ಒಮ್ಮೆ ಬರೀ ಪಠ್ಯವಾಗಿ ತೆಗೆದು ಹೋಲಿಸಿ. ನೀವು ಬೇಕೆಂದು ಬದಲಿಸಿದ್ದು ಬಿಟ್ಟು ಬೇರೇನಾದರೂ ಬದಲಾಗಿದ್ದರೆ ಅಲ್ಲೇ ಸಿಗುತ್ತದೆ.

13. ಹೆಸರುಗಳ ಪುಟವನ್ನು ಪುಸ್ತಕದ ಜೊತೆಗೇ ಕೊಡಿ

ಪ್ಯಾಂಡಾಕಿನ ಆವೃತ್ತಿ ಬದಲಾದಂತೆ ಫಿಲ್ಟರ್ ಹಳತಾಗುತ್ತದೆ. ಮುಂದಿನವರು ಬೇರೆ ಭಾಷೆಯಲ್ಲೇ ಬರೆಯಬಹುದು. ಅವರಿಗೆ ನಿಮ್ಮ ಕೋಡಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಫೈಲಿನೊಳಗೆ ನೀವು ಇಟ್ಟ ಹೆಸರುಗಳು. 'ಶಾಸನಪಾಠ' ಎಂದರೆ ಏನು, 'ಊರು' ಎಲ್ಲಿ ಹಚ್ಚಿದೆ, ಎಲ್ಲಿ ಬೇಕೆಂದೇ ಹಚ್ಚಿಲ್ಲ, ಎರಡು ಸಂಪುಟಗಳ ಸಂಖ್ಯೆಯಲ್ಲಿ ಯಾವುದನ್ನು ಮೂಲವಾಗಿ ಹಿಡಿದಿದೆ, ಇಷ್ಟನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು, ಬರೆದ ಮೇಷ್ಟ್ರಿಗೂ ಒಂದು ಪ್ರತಿ ಕೊಡಿ. ಮುಂದಿನ ಪುಸ್ತಕವನ್ನು ಅವರು ಆ ಸ್ಟೈಲುಗಳನ್ನು ಹಚ್ಚಿಯೇ ಟೈಪು ಮಾಡಿ ತರುತ್ತಾರೆ. ಆಗ ಮೂರನೆಯ ಪಾಠದ ಅರ್ಧ ಸಮಯ ಉಳಿಯುತ್ತದೆ, ಹಳೆಯ ಫಿಲ್ಟರುಗಳೇ ಹೊಸ ಪುಸ್ತಕಕ್ಕೂ ಸಾಕಾಗುತ್ತವೆ.